ಮನೆಯಲ್ಲೇ ಇರುವವಳ ರಜೆ

ಸೌದಿಯ ದಮ್ಮಾಮಿನಲ್ಲಿ ನಾವಿದ್ದ ಕಟ್ಟಡದ ಮೂರನೇ ಮಹಡಿಗೆ ಉಡುಪಿ ಕಡೆಯ ಟೀಚರೊಬ್ಬಳು ಬಾಡಿಗೆಗೆ ಬಂದಳು. ಎಂಬತ್ತರ ದಶಕದ ನಡುವಿನ ಮಾತು. ನಾವು ಮೊದಲನೇ ಮಹಡಿಯಲ್ಲಿದ್ದೆವು. ನನಗೆ ಇಬ್ಬರು ಚಿಕ್ಕ ಮಕ್ಕಳು, ಅವಳಿಗೂ ಇಬ್ಬರು. ಬಂದ ವಾರದಲ್ಲೇ ಅವಳು ಬೆಳಿಗ್ಗೆ ಆರೂವರೆಗೆ ನನ್ನ ಬಾಗಿಲಿಗೆ ಬಂದು, "ಅಕ್ಕಾ, ಎರಡು ದಿನ ಮಕ್ಕಳನ್ನು ನೋಡ್ಕೊಳ್ತೀರಾ? ನೀವು ಹೇಗೂ ಮನೆಯಲ್ಲೇ ಇರ್ತೀರಲ್ಲ" ಅಂದಳು. ಆ ಎರಡು ದಿನ ಏಳು ತಿಂಗಳಾಯಿತು.

"ಹೇಗೂ ಮನೆಯಲ್ಲೇ." ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಮನೆಯಲ್ಲಿರದೆ ಎಲ್ಲಿ ಹೋಗಲಿ? ತರಕಾರಿ ತರುವುದಕ್ಕೂ ಗಂಡನ ಕಾರು ಬೇಕಾದ ಊರು ಅದು. ಬೆಳಿಗ್ಗೆಯಿಂದ ನಾಲ್ಕು ಮಕ್ಕಳ ಹೇಲು, ಉಚ್ಚೆ, ಗಂಜಿ, ಜಗಳ. ಎರಡು ಗಂಟೆಗೆ ಗಂಡ ಊಟಕ್ಕೆ ಬಂದು ಮಲಗಿದರೆ, ನಾಲ್ಕಕ್ಕೆ ಮತ್ತೆ ಆಫೀಸಿಗೆ ಹೊರಡುವವರೆಗೆ ಯಾರೂ ಉಸಿರೆತ್ತಬಾರದು. ಟೀಚರ್ ಶಾಲೆಯಿಂದ ಎರಡೂವರೆಗೇ ಬರುತ್ತಿದ್ದಳು. ಆದರೆ ನೋಟ್‌ಬುಕ್ ತಿದ್ದಲಿಕ್ಕೆ ಉಂಟೆಂದು ಮಕ್ಕಳನ್ನು ಸಂಜೆ ಕರೆದುಕೊಂಡು ಹೋಗುತ್ತಿದ್ದಳು. ಗಂಡನ ಹತ್ತಿರ ಹೇಳಿಕೊಂಡರೆ, "ಪಾಪ, ಕೆಲಸಕ್ಕೆ ಹೋಗುವವಳು. ನಿನಗಾದರೂ ಹೊತ್ತು ಹೋಗ್ತದಲ್ಲ" ಅನ್ನುತ್ತಿದ್ದರು. ಅವರ ತಟ್ಟೆಗೆ ಅನ್ನ ಕುಕ್ಕಿ ಬಡಿಸಿದ್ದಷ್ಟೇ ನನ್ನ ಉತ್ತರ.

ಒಂದು ದಿನ ಎಂದಿನಂತೆ ಮಕ್ಕಳು ಬಂದರು. ಒಂಬತ್ತು ಗಂಟೆಯ ಹೊತ್ತಿಗೆ ಅವಳ ನಾಲ್ಕು ವರ್ಷದ ಮಗಳು ಬ್ರೆಡ್ ತಿನ್ನುತ್ತಾ, "ಟುಡೇ ಮಮ್ಮಿಗೆ ಹಾಲಿಡೇ. ಮಮ್ಮಿ ಈಸ್ ಸ್ಲೀಪಿಂಗ್" ಅಂದಿತು.

ನಾನು ಒಲೆ ಆರಿಸಿದೆ. ಅವಳ ಮಗನನ್ನು ಒಂದು ಕಂಕುಳಿಗೆ, ನನ್ನ ಮಗಳನ್ನು ಇನ್ನೊಂದು ಕಂಕುಳಿಗೆ ಹಾಕಿಕೊಂಡು, ಉಳಿದಿಬ್ಬರನ್ನು ಮುಂದೆ ಬಿಟ್ಟು ಮೆಟ್ಟಿಲು ಹತ್ತಿದೆ. ಬೆಲ್ಲಿನ ಮೇಲೆ ಇಟ್ಟ ಬೆರಳನ್ನು ಬಾಗಿಲು ತೆರೆಯುವವರೆಗೂ ತೆಗೆಯಲಿಲ್ಲ. ಅವಳು ನೈಟಿಯಲ್ಲಿದ್ದಳು, ಕೆನ್ನೆಯಲ್ಲಿ ದಿಂಬಿನ ಗೆರೆ.

"ಎಂತ ಆಯ್ತು ಅಕ್ಕಾ?"

"ಎಂತ ಆಗಲಿಲ್ಲ. ನಾಲ್ಕೂ ಜನ ಇಲ್ಲಿರ್ತಾರೆ. ಮೂರೂವರೆಗೆ ಅಸರ್ ಬಾಂಗ್ ಆದ ಮೇಲೆ ಬರ್ತೇನೆ."

"ನನಗೆ ವಾರದ ನಡುವೆ ಸಿಕ್ಕಿದ್ದೇ ಒಂದು ದಿನ ರಜೆ."

"ನನಗೆ ಅದೂ ಇಲ್ಲ ಮಾರಾಯ್ತಿ."

"ನೀವು ಮನೆಯಲ್ಲೇ..."

"ಆ ಮಾತು ಇನ್ನೊಮ್ಮೆ ಆಡಿದ್ರೆ ನಾಳೆಯಿಂದ ನಿಮ್ಮ ಮಕ್ಕಳನ್ನು ಶಾಲೆಗೇ ಕಟ್ಟಿಕೊಂಡು ಹೋಗಬೇಕು!"

ಅವಳ ಕಣ್ಣು ಕೆಂಪಾಗಿತ್ತು. ನಿದ್ದೆಗೋ, ಅಳುವಿಗೋ ನಾನು ನೋಡಲು ನಿಲ್ಲಲಿಲ್ಲ. ಅವಳಿಗೂ ದಣಿವಿತ್ತೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕನಿಕರ ಹುಟ್ಟಲಿಲ್ಲ.

ಕೆಳಗೆ ಬಂದವಳು ಆ ಸಿಟ್ಟಿನಲ್ಲೇ ಅಡುಗೆಮನೆಯ ಟೈಲ್ಸು ಉಜ್ಜಿದೆ. ಅರ್ಧ ಗೋಡೆ ಮುಗಿದಾಗ ನನ್ನ ಮೇಲೇ ಸಿಟ್ಟು ಬಂತು. ಇದಕ್ಕಾ ಅಷ್ಟು ಜಗಳ ಮಾಡಿದ್ದು? ಬ್ರಶ್ಶು ಬಿಸಾಡಿ, ಏಸಿ ಹಾಕಿ, ನೆಲದ ಮೇಲೆ ಕಾಲು ಚಾಚಿ ಕುಳಿತೆ. ಮೊದಮೊದಲು ಮೇಲಿನಿಂದ ಮಕ್ಕಳು ಅತ್ತಂತೆ ಕೇಳುತ್ತಿತ್ತು. ಆಮೇಲೆ ಏನೂ ಕೇಳಲಿಲ್ಲ.

ಗಂಡ ಊಟಕ್ಕೆ ಬಂದು, "ಮಕ್ಕಳೆಲ್ಲಿ?" ಅಂದರು.

"ಮೇಲೆ."

"ನೀನು ಎಂತ ಮಾಡ್ತಿದ್ದೀ?"

"ಎಂತ ಇಲ್ಲ. ಮೊಸರು ಫ್ರಿಜ್ಜಿನಲ್ಲುಂಟು, ಹಾಕ್ಕೊಳ್ಳಿ."

ಅವರು ಫ್ರಿಜ್ಜು ತೆರೆದು ತಾವೇ ಹಾಕಿಕೊಂಡರು.

ಮರುದಿನ ಟೀಚರ್ ಬಾಗಿಲ ಹೊರಗೇ ನಿಂತು ವ್ಯವಹಾರದ ದನಿಯಲ್ಲಿ ಕೇಳಿದಳು: "ನಿಮಗೆ ಯಾವ ದಿನ ಬೇಕು?" ಅಕ್ಕ ಅನ್ನಲಿಲ್ಲ. ಶಾಲೆಗೆ ವಾರದ ರಜೆಯಿರುವ ಗುರುವಾರ ಬೆಳಿಗ್ಗೆ ಪೂರ್ತಿ, ಮತ್ತು ಸೋಮವಾರ ಮಧ್ಯಾಹ್ನ ಅವಳು ಶಾಲೆಯಿಂದ ಬಂದ ಮೇಲೆ ಎಂದೆ. ಉಳಿದ ದಿನ ಅವಳು ಶಾಲೆಯಿಂದ ಬಂದ ಕೂಡಲೇ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಒಪ್ಪಿದಳು. ಒಂದು ಗುರುವಾರವೂ ತಪ್ಪಿಸಲಿಲ್ಲ, ನಾನೂ ಒಂದು ಬೆಳಿಗ್ಗೆಯೂ ಅವಳ ಮಕ್ಕಳಿಗೆ ಬಾಗಿಲು ಹಾಕಲಿಲ್ಲ.

ಹಾಗೆ ಮೂರು ವರ್ಷ ನಡೆಯಿತು. ಆ ಬಿಡುವಿನಲ್ಲಿ ನಾನು ಹೊಲಿಗೆ ಕಲಿಯಲಿಲ್ಲ, ಏನನ್ನೂ ಸಾಧಿಸಲಿಲ್ಲ. ಮಲಗಿದೆ, ಊರಿಂದ ಬಂದ ಹಳೇ ವಾರಪತ್ರಿಕೆ ಓದಿದೆ, ಚಹಾ ಬಿಸಿಯಿರುವಾಗಲೇ ಕುಡಿದೆ. ಉಳಿದ ದಿನಗಳ ಗಲಾಟೆ ಆಮೇಲೆ ಅಷ್ಟು ಭಾರವೆನಿಸಲಿಲ್ಲ. ಆದರೆ ಟೀಚರೂ ನಾನೂ ಗೆಳತಿಯರಾಗಲಿಲ್ಲ. ಅವಳು ದಮ್ಮಾಮ್ ಬಿಟ್ಟು ಊರಿಗೆ ಹೋಗುವಾಗ ಮಕ್ಕಳು ತಬ್ಬಿಕೊಂಡು ಅತ್ತರು. ನಾವಿಬ್ಬರು ಸೂಟ್‌ಕೇಸುಗಳನ್ನು ನೋಡುತ್ತಾ ನಿಂತಿದ್ದೆವು.