ಬೀಡ್ ಬೈಪಾಸಿನ ಪಾಲಿಸಿ

ಬೆಳಗಿನ ಆರರ ಬಸ್ಸಿಗೆ ನಾಶಿಕದಿಂದ ಹೊರಟೆ. ಛತ್ರಪತಿ ಸಂಭಾಜಿನಗರ ಇಲ್ಲಿಂದ ಹತ್ತಿರ ಹತ್ತಿರ ಇನ್ನೂರು ಕಿಲೋಮೀಟರು, ಐದು ತಾಸಿನ ದಾರಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ ಆದ್ದರಿಂದ ನಾನು ಹೋಗುವಾಗ ಬಸ್ಸನ್ನೇ ಹಿಡಿಯುತ್ತೇನೆ. ಮಾರ್ಚ್ ಮೂರನೇ ವಾರ. ಚೀಲದಲ್ಲಿ ಅರ್ಜಿ ನಮೂನೆಗಳು, ಎರಡು ಪೆನ್ನು, ಒಂದು ಡಬ್ಬಿ ದ್ರಾಕ್ಷಿ.

ನಾನು ವಿಜಯಪುರದವಳು. ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ, ವರ್ಗವಾಗಿ ನಾಶಿಕಕ್ಕೆ ಬಂದೆವು. ಇಲ್ಲಿ ಜೀವ ವಿಮೆಯ ಏಜೆಂಟ್ ಆಗಿ ಆರು ವರ್ಷವಾಯಿತು. ಮದುವೆಮನೆಯಲ್ಲಿ ನನ್ನನ್ನು ಕಂಡು ಊಟದ ಪಂಕ್ತಿ ಬದಲಿಸಿದವರಿದ್ದಾರೆ. "ನಾಳೆ ನಿಮಗೇನಾದರೂ ಆದರೆ" ಎಂದು ಬಾಯಿ ತೆರೆದರೆ ಸಾಕು, ಮನೆಯ ಹಿರಿಯರು "ಬಿಡ್ತು ಅನ್ರಿ" ಎಂದು ಗದರುತ್ತಾರೆ. ಬಿಡ್ತು ಅಂದು, ಮತ್ತೆ ಅದೇ ಮಾತಿಗೆ ಬರುತ್ತೇನೆ. ಈ ವರ್ಷದ ಗುರಿಗೆ ನನಗೆ ಒಂದು ಪಾಲಿಸಿ ಕಡಿಮೆ ಬಿದ್ದಿತ್ತು. ತಿಂಗಳು ಮುಗಿಯುವುದರೊಳಗೆ ಅದು ಆಗದಿದ್ದರೆ ಏಜೆನ್ಸಿಯೇ ರದ್ದು.

ಅಂಥ ಹೊತ್ತಿನಲ್ಲಿ ಭೀಮಪ್ಪನವರ ಫೋನ್ ಬಂದಿತ್ತು. ಅವರು ಇಂಡಿ ಕಡೆಯ ಫರಸಿ ಮೇಸ್ತ್ರಿ. ಎರಡು ವರ್ಷದ ಹಿಂದೆ ನಮ್ಮ ಕಟ್ಟಡದ ನೆಲಕ್ಕೆ ಫರಸಿ, ಅಂದರೆ ಹಾಸುಗಲ್ಲು, ಹಾಕಿದವರು. "ಅಕ್ಕಾರ, ನನ್ನ ಹೆಸರ ಮ್ಯಾಲ ಒಂದು ಪಾಲಿಸಿ ಮಾಡೂದೈತ್ರಿ. ನೀವೇ ಬರ್ರಿ" ಎಂದಿದ್ದರು. ತಾನಾಗಿ ಕರೆದು ಪಾಲಿಸಿ ಕೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನಿಫಾಡದ ತೋಟಗಳಲ್ಲಿ ದ್ರಾಕ್ಷಿ ಕೊಯ್ಲು ನಡೆದಿತ್ತು. ಯೇವಲಾದಲ್ಲಿ ಬಸ್ಸು ನಿಂತಾಗ ಇಳಿದು ಪೋಹೆ ತಿಂದು ಚಹಾ ಕುಡಿದೆ. ಪಕ್ಕದ ಸೀಟಿನ ಹೆಂಗಸು ಅಲ್ಲಿಯವರೆಗೂ ತನ್ನ ಸೊಸೆಯ ಪುರಾಣ ಹೇಳುತ್ತಿದ್ದಳು. ನನ್ನ ಕೆಲಸ ಏನೆಂದು ಮರಾಠಿಯಲ್ಲಿ ಕೇಳಿದಳು, ಹೇಳಿದೆ. "ವಿಮಾವಾಲ್ಯಾ ಕಾ?" ಎಂದು ಕಿಟಕಿಯ ಕಡೆ ತಿರುಗಿದವಳು ವೈಜಾಪುರದವರೆಗೂ ನಿದ್ದೆ ಮಾಡಿದಳು. ನಿಜವಾದ ನಿದ್ದೆಯೋ ಏನೋ.

ಹನ್ನೊಂದಕ್ಕೆ ಸಂಭಾಜಿನಗರದಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಬೀಡ್ ಬೈಪಾಸಿಗೆ ರಿಕ್ಷಾದವನು ನೂರೈವತ್ತು ಕೇಳಿ ನೂರಿಪ್ಪತ್ತಕ್ಕೆ ಒಪ್ಪಿದ. ಅರ್ಧ ಕಟ್ಟಿದ ಏಳು ಮಾಳಿಗೆಯ ಕಟ್ಟಡ, ಅದರ ಹಿಂದೆ ಕೆಲಸಗಾರರು ಇರುವ ತಗಡಿನ ಶೆಡ್ಡುಗಳು. ಭೀಮಪ್ಪ ಮೂರನೇ ಮಾಳಿಗೆಯಿಂದ ಇಳಿದು ಬಂದು, ತಮ್ಮ ಶೆಡ್ಡಿನಲ್ಲಿ ಎದುರಿಗೆ ಕೂತು ಎಷ್ಟೋ ಹೊತ್ತು ಉಸಿರು ಸುಧಾರಿಸಿಕೊಂಡರು. ಅವರ ಹೆಂಡತಿ ಶಾಂತವ್ವ ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟರು. ಮಗಳು ಶಾಲೆಗೆ ಹೋಗಿದ್ದಳು.

ಉಂಡು ಕೈತೊಳೆದು ಅರ್ಜಿ ತುಂಬತೊಡಗಿದೆ. ಹೆಸರು, ವಯಸ್ಸು, ಎತ್ತರ, ತೂಕ ಎಲ್ಲ ಆಯಿತು. "ಯಾವಾಗರೆ ದವಾಖಾನಿ ಸೇರೀರೇನ್ರಿ? ಆಪರೇಶನ್ ಏನರೆ?"

"ಇಲ್ರಿ" ಎಂದು ಭೀಮಪ್ಪ ನನ್ನ ಮಾತು ಮುಗಿಯುವ ಮೊದಲೇ ಅಂದರು.

ಒಲೆಯ ಹತ್ತಿರ ಕೂತಿದ್ದ ಶಾಂತವ್ವ ತಲೆ ಎತ್ತಿ ಗಂಡನನ್ನು ನೋಡಿದರು. ನನ್ನ ಪೆನ್ನು ನಿಂತಿತು. ಹೊಸದಾಗಿ ಸೇರಿದಾಗ ಹಿರಿಯ ಏಜೆಂಟರೊಬ್ಬರು ಕಲಿಸಿಕೊಟ್ಟಿದ್ದರು: ಗಿರಾಕಿ ಇಲ್ಲ ಅಂದರೆ ಇಲ್ಲ ಅಂತ ಬರಿ, ಎರಡನೇ ಸಲ ಕೇಳಬೇಡ. 'ಇಲ್ಲ' ಎಂಬ ಎರಡಕ್ಷರ ಬರೆದರೆ ನನ್ನ ಏಜೆನ್ಸಿ ಉಳಿಯುತ್ತಿತ್ತು. ಬರೆಯಬೇಕೆಂದು ಅನ್ನಿಸಿದ್ದೂ ನಿಜ.

"ಭೀಮಪ್ಪಣ್ಣ, ಸುಳ್ಳ ಬರದ್ರ ಮುಂದ ರೊಕ್ಕಾ ಕೊಡೂ ಹೊತ್ತಿಗೆ ಕಂಪನಿಯವರು ದವಾಖಾನಿ ಕಾಗದಾ ಹುಡುಕಿ ತಗೀತಾರ. ಶಾಂತವ್ವನ ಕೈಯಾಗ ಏನೂ ಉಳಿಯೂದಿಲ್ಲ."

"ಯಾರ ನೋಡ್ತಾರ್ರಿ? ನಿಮಗೂ ಪಾಲಿಸಿ ಬೇಕು, ನನಗೂ ಬೇಕು. ಬರೀರಿ ಸುಮ್ಮ!"

ನಾನು ಪೆನ್ನು ಕೆಳಗಿಟ್ಟೆ. ಆಗ ಅವರೇ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ದೀಪಾವಳಿ ಮುಂದ ಆಪರೇಶನ್ ಮಾಡಿ ಎದಿಯಾಗ ನಳಿಗಿ ಹಾಕ್ಯಾರ್ರಿ. ಗುತ್ತೇದಾರಗ ಹೇಳಿಲ್ಲ. ತಿಳದ್ರ ಕೆಲಸದಿಂದ ತಗೀತಾನ. ಇವರಿಗೊಂದು ಆಸರ ಆಗಲಿ ಅಂತ ನಿಮ್ಮನ್ನ ಕರದೆ."

ನಾನು 'ಹೌದು' ಎಂದು ಬರೆದೆ. ಈ ಅರ್ಜಿ ಕಂಪನಿಯ ಡಾಕ್ಟರರ ಕೈಗೆ ಹೋಗಿ ಅಲ್ಲೇ ಕೂರುತ್ತದೆ, ಮಾರ್ಚ್ ಒಳಗೆ ಆಗುವ ಮಾತಿಲ್ಲ ಎಂದು ತಿಳಿದೇ ಬರೆದೆ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಗದ ಮಡಚಿಕೊಳ್ಳುತ್ತಿದ್ದಾಗ ಶಾಂತವ್ವ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಕೂತರು.

"ಅಕ್ಕಾರ, ನನ್ನ ಹೆಸರ ಮ್ಯಾಲ ಆಗತೈತೇನ್ರಿ?"

"ನಿನಗ ಯಾಕ?" ಭೀಮಪ್ಪ ನಕ್ಕರು. "ಕೆಲಸಾ ಮಾಡಾಂವ ನಾನು."

"ನೀವು ಕುಂತಲ್ಲಿ ಫರಸಿ ಹಾಕ್ತೀರಿ. ಕೆಳಗಿಂದ ಹೊತ್ತು ತಂದು ಕೊಡಾಕಿ ಯಾರು? ನಾ ಬಿದ್ರ ನಿಮ್ಮ ಕೆಲಸಾ ಎಲ್ಲಿ ನಡಿತೈತಿ?"

ನನಗೆ ನಾಚಿಕೆಯಾಯಿತು. ಆರು ವರ್ಷ ಮನೆಮನೆ ತಿರುಗಿದವಳು ನಾನು, ಇಂಥ ಎಷ್ಟೋ ಶೆಡ್ಡುಗಳಲ್ಲಿ ಚಹಾ ಕುಡಿದಿದ್ದೆ. ಚಹಾ ತಂದುಕೊಟ್ಟವಳ ಹೆಸರಿನಲ್ಲಿ ಅರ್ಜಿ ತುಂಬೋಣವೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಹೊಸ ಅರ್ಜಿ ತೆಗೆದೆ. ಉದ್ಯೋಗದ ಸಾಲಿಗೆ ಬಂದಾಗ ಭೀಮಪ್ಪ "ಮನಿಗೆಲಸ ಅಂತ ಬರೀರಿ" ಎಂದರು. "ಫರಸಿ ಕೆಲಸ ಅಂತ ಬರೀರಿ" ಎಂದು ಶಾಂತವ್ವ ತಿದ್ದಿದರು. ಹಣ ಮಗಳಿಗೆ ಸೇರಬೇಕು ಎಂದರು. ಸಹಿಯನ್ನು ಮರಾಠಿ ಅಕ್ಷರದಲ್ಲಿ, ಒಂದೊಂದಾಗಿ, ತುಟಿ ಕಚ್ಚಿ ಮಾಡಿದರು. ಮಗಳು ಕಲಿಸಿದ್ದಂತೆ. ಕೊನೆಗೆ ಭೀಮಪ್ಪ ತಮ್ಮ ಅರ್ಜಿಗೂ ಸಹಿ ಹಾಕಿ "ಹೆಂಗೂ ಬಂದೀರಿ, ಇದನ್ನೂ ಒಯ್ಯಿರಿ" ಎಂದರು.

ಶಾಂತವ್ವ ರಸ್ತೆಯವರೆಗೆ ಕಳಿಸಲು ಬಂದರು. "ಈಗಿಂದನ ಲಾಗೂ ಆತೇನ್ರಿ ಅಕ್ಕಾರ?"

"ಇಲ್ಲ ಶಾಂತವ್ವ, ಕಂಪನಿಯವರು ಒಪ್ಪಿ ಕಾಗದಾ ಕಳಿಸಿದ ಮ್ಯಾಲ."

"ಹಂಗಾರ ಅಲ್ಲೀತನ ಮೆಟ್ಟಲಾ ಸಾವಕಾಶ ಹತ್ತತೀನಿ" ಎಂದು ನಕ್ಕರು.

ಮಧ್ಯಾಹ್ನ ಎರಡೂವರೆಯ ಸುಮಾರಿಗೆ ರೈಲು ಸಿಕ್ಕಿತು. ಲಾಸೂರಿನವರೆಗೆ ನಿಂತೇ ಬಂದೆ, ಆಮೇಲೆ ಒಬ್ಬಾಕೆ ಸರಿದು ಜಾಗ ಕೊಟ್ಟಳು. ಮುಂದಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಶಾಂತವ್ವನ ಪಾಲಿಸಿ ತಿಂಗಳು ಮುಗಿಯುವ ಮೊದಲೇ ಮಂಜೂರಾಯಿತು, ನನ್ನ ಏಜೆನ್ಸಿ ಉಳಿಯಿತು. ಭೀಮಪ್ಪನವರದು ವಾಪಸು ಬಂತು: ವರ್ಷ ಬಿಟ್ಟು ಹೊಸದಾಗಿ ಅರ್ಜಿ ಹಾಕಿ ಎಂದು. ಆದರೆ ಅವತ್ತು ರೈಲಿನಲ್ಲಿ ಇದೊಂದೂ ಗೊತ್ತಿರಲಿಲ್ಲ.

ಮನ್ಮಾಡಿನಲ್ಲಿ ವಡಾಪಾವ್ ಕೊಳ್ಳುತ್ತಿದ್ದಾಗ ಭೀಮಪ್ಪನವರ ಫೋನ್ ಬಂತು. ಅರ್ಜಿ ಹರಿದುಹಾಕಿ ಅನ್ನುತ್ತಾರೇನೋ ಎಂದುಕೊಳ್ಳುತ್ತಲೇ ಎತ್ತಿದೆ.

"ಅಕ್ಕಾರ, ಈಕಿ ಒಂದ ಸಲಕ್ಕ ಆರ ಫರಸಿ ಹೊರ್ತಾಳ್ರಿ. ನಾಕ ಸಾಕು ಅಂದ್ರ ನನ್ನ ಮಾತ ಕೇಳವಲ್ಲಳು. ನೀವರೆ ಒಂದ ಮಾತ ಹೇಳ್ರಿ."

"ಹೇಳ್ತೀನಿ, ಫೋನ್ ಕೊಡ್ರಿ ಅವರ ಕೈಯಾಗ."

"ಎಲ್ಲಿ ಕೊಡ್ಲಿರಿ?" ಅವರ ಉಸಿರು ಏರಿತ್ತು. "ಆಗಲೇ ಹೊತ್ಕೊಂಡು ಮ್ಯಾಲ ಹೊಂಟಾಳ."