ಅವಿರಾಚ್ಚನ್ ತೆಗೆದ ಏಲಿಕುಟ್ಟಿಯ ಫೋಟೋ

ಕೇರಳದ ಪಾಲಾ ಸುತ್ತಮುತ್ತ ಯಾರು ಸತ್ತರೂ, ಶವಪೆಟ್ಟಿಗೆಯ ಹಿಂದೆ ಮನೆಮಂದಿಯನ್ನು ನಿಲ್ಲಿಸಿ ಕೊನೆಯ ಫೋಟೋ ತೆಗೆಯುತ್ತಿದ್ದವನು ಅವಿರಾಚ್ಚನ್. ಮೂವತ್ತೆಂಟು ವರ್ಷ ಅದೇ ಕೆಲಸ. ಊರಿನ ಹೆಣಗಳನ್ನೆಲ್ಲ ಚಂದ ಕಾಣಿಸಿದ ಮಹಾರಾಯ, ಸ್ವಂತ ಹೆಂಡತಿ ಏಲಿಕುಟ್ಟಿಯದೊಂದು ನೆಟ್ಟಗಿನ ಫೋಟೋ ತೆಗೆದಿರಲಿಲ್ಲ ಅಂದರೆ ನಂಬುತ್ತೀರಾ? "ಇವತ್ತು ಬೇಡ, ಬಟ್ಟೆ ಚೆನ್ನಾಗಿಲ್ಲ" ಅನ್ನುವಳು ಆಕೆ. "ಆಯ್ತು, ನಾಳೆ" ಅನ್ನುವನು ಈತ. ಏಪ್ರಿಲ್‌ನ ಒಂದು ಬೆಳಗ್ಗೆ ಅಪ್ಪದ ಹಿಟ್ಟು ಕಲಸುತ್ತಿದ್ದವಳು ಅಲ್ಲೇ ಕುಸಿದಳು, ಮತ್ತೆ ಏಳಲಿಲ್ಲ.

"ಇವತ್ತಾದ್ರೂ ಸುಮ್ನೆ ಅಮ್ಮಚ್ಚಿ ಪಕ್ಕ ಇರಿ ಅಪ್ಪಚ್ಚ," ಎಂದು ಮಗಳು ಜಾನ್ಸಿ ಪಕ್ಕದೂರಿನ ಫೋಟೋಗ್ರಾಫರ್ ತೊಮ್ಮಿಯನ್ನು ಕರೆಸಿದಳು. ಮಟಮಟ ಮಧ್ಯಾಹ್ನ. ಪೆಟ್ಟಿಗೆ ಅಂಗಳದ ಬಿಸಿಲಿನಲ್ಲಿ, ಮನೆಮಂದಿ ಹಿಂದೆ ಟಾರ್ಪಾಲಿನ್ ನೆರಳಿನಲ್ಲಿ. ತೊಮ್ಮಿ ಒಂದು ಕ್ಲಿಕ್ಕಿಸಿದ. ಅವಿರಾಚ್ಚನ್‌ಗೆ ತಡೆಯಲಾಗಲಿಲ್ಲ, ಹೋಗಿ ಇಣುಕಿದ.

"ಏನೋ ಇದು? ಇವಳಿಗೆ ಮುಖವೇ ಇಲ್ವಲ್ಲೋ!"

"ಏನ್ಮಾಡ್ಲಿ ಚೇಟ್ಟಾ, ಇದರ ಸೆನ್ಸರ್ ಚಿಕ್ಕದು. ಬಿಸಿಲು, ನೆರಳು ಎರಡೂ ಹಿಡಿಯಲ್ಲ."

ಅವಿರಾಚ್ಚನ್‌ಗೆ ಇದನ್ನು ಹೇಳಿಕೊಡಬೇಕೆ! ಸೆನ್ಸರ್ ಎಂದರೆ ಬೆಳಕು ತುಂಬಿಸುವ ಪಾತ್ರೆಗಳ ಸಾಲು. ದೊಡ್ಡ ಸೆನ್ಸರಿನಲ್ಲಿ ಒಂದೊಂದೂ ಪಾಯಸ ಕಾಯಿಸುವ ಅಗಲ ಬಾಯಿಯ ಉರುಳಿಯ ಹಾಗೆ, ಬಿಸಿಲು ಸುರಿದರೂ ತುಳುಕದು, ನೆರಳಿನ ನಾಲ್ಕು ಹನಿಯೂ ಕಳೆದುಹೋಗದು. ಚಿಕ್ಕದರಲ್ಲಿ ಬರೀ ಚಮಚ. ಬಿಸಿಲು ಬಿದ್ದದ್ದೇ ತುಂಬಿ ಚೆಲ್ಲಿ, ಚೆಲ್ಲಿದ ಜಾಗವೆಲ್ಲ ಬಿಳಿಚಿಕೊಳ್ಳುತ್ತದೆ. ಬೆಳಕು ತಗ್ಗಿಸಿದೆಯೋ, ನೆರಳಿನಲ್ಲಿ ನಿಂತವರು ಇದ್ದಿಲಿನ ರಾಶಿ. ಅವನ ದೊಡ್ಡ ಕ್ಯಾಮೆರಾ ಮೂರು ಮೈಲಿ ದೂರದ ಅಂಗಡಿಯಲ್ಲಿತ್ತು. ಇತ್ತ ಪಾದ್ರಿಗಳು ಪ್ರಾರ್ಥನೆಯ ಪುಸ್ತಕ ತೆರೆದು ನಿಂತಾಗಿತ್ತು.

"ಪೆಟ್ಟಿಗೇನೂ ನೆರಳಿಗೆ ತರೋಣ್ವಾ?" ಎಂದ ತೊಮ್ಮಿ.

"ಆ ನೀಲಿ ಟಾರ್ಪಾಲಿನ್ ಕೆಳಗಾ? ವಿಷ ಕುಡಿದವಳ ಹಾಗೆ ಕಾಣ್ತಾಳೆ."

"ಹಾಗಾದ್ರೆ ಎರಡು ತೆಗೆದು ಆಮೇಲೆ ಜೋಡಿಸ್ತೀನಿ ಬಿಡಿ."

"ನನ್ನ ಹೆಂಡ್ತಿಗೆ ತೇಪೆ ಹಾಕ್ತೀಯೇನೋ? ಕೊಡಿಲ್ಲಿ!"

ಕ್ಯಾಮೆರಾ ಕಿತ್ತುಕೊಂಡ. ಒಂದೋ ಸತ್ತವಳು, ಇಲ್ಲವೇ ಬದುಕಿರುವವರು; ಇಬ್ಬರೂ ಸಿಗುವುದಿಲ್ಲ. ಅವನು ಬೆಳಕು ತಗ್ಗಿಸಿದ. ಕಣ್ಣು ಕ್ಯಾಮೆರಾಗೆ ಹಚ್ಚಿ ಎಷ್ಟು ಹೊತ್ತು ನಿಂತನೆಂದರೆ, ಪಾದ್ರಿಗಳು ಎರಡು ಸಲ ಕೆಮ್ಮಿದರು. ಕ್ಲಿಕ್ ಎಂದಿತು. ಪೆಟ್ಟಿಗೆಯ ಮುಚ್ಚಳ ಮುಚ್ಚಿದರು.

ನಲವತ್ತೊಂದನೆಯ ದಿನದ ಊಟಕ್ಕೆ ಫೋಟೋ ಬಂತು. ಏಲಿಕುಟ್ಟಿಯ ಹಣೆಯ ಗೆರೆ, ತುಟಿಯಂಚಿನ ಮಚ್ಚೆ, ತೊಟ್ಟಿದ್ದ ಬಿಳಿ ಚಟ್ಟೆ ರವಿಕೆಯ ಒಂದೊಂದು ನೆರಿಗೆ, ಎಲ್ಲವೂ ಸ್ಪಷ್ಟ. ಹಿಂದೆ ನಿಂತ ಹನ್ನೊಂದು ಜನ ಕಪ್ಪು ಕಪ್ಪು.

"ನಮ್ಮ ಒಬ್ಬರ ಮುಖಾನೂ ಕಾಣಲ್ಲ, ಹೋಗ್ಲಿ," ಎಂದಳು ಜಾನ್ಸಿ. "ನೀವೆಲ್ಲಿ ಅಪ್ಪಚ್ಚ? ಅಮ್ಮಚ್ಚಿ ತಲೆ ಹತ್ರ ನೀವಲ್ವಾ ನಿಲ್ಬೇಕಾಗಿದ್ದಿದ್ದು? ಜಾಗ ಖಾಲಿ ಬಿಟ್ಟಿದ್ದೀರಿ."

"ನೋಡ್ತಾ ಇದ್ದೆ ಕಣೇ," ಎಂದ ಅವಿರಾಚ್ಚನ್. "ಅವಳನ್ನ ಅಷ್ಟು ಹೊತ್ತು ಯಾವತ್ತೂ ನೋಡಿರ್ಲಿಲ್ಲ."

ಹೂಳುವ ದಿನ ಅಳದಿದ್ದವನು, ಬಡಿಸಿದ ಎಲೆಯ ಮುಂದೆ ಕೂತು ಗೊಳೋ ಎಂದು ಅತ್ತ.