ಸೂಟು ತೆಗೆದ ತೂಕ

ನಿನ್ನೆ ಸಂಜೆ ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನ ಕಡೆ ಹೋಗಿದ್ದೆ. ಗಾಡಿಯವನೊಬ್ಬ ಬಾಣಲಿಯಲ್ಲಿ ಬಿಸಿ ಮರಳು ಹಾಕಿ ಶೇಂಗಾ ಹುರಿಯುತ್ತಿದ್ದ. ಆ ವಾಸನೆಗೆ ಹೋಗಿಬರುವವರೆಲ್ಲ ನಿಂತು ಪೊಟ್ಟಣ ಕಟ್ಟಿಸಿಕೊಳ್ಳುತ್ತಿದ್ದರೆ, ನಾನೊಬ್ಬಳು ಸೆರಗನ್ನು ಮೂಗಿಗೆ ಹಿಡಿದುಕೊಂಡು ದಾಟಿಹೋದೆ. ತಪ್ಪು ತಿಳಿಯಬೇಡಿ, ಶೇಂಗಾದ ಮೇಲೆ ನನಗೇನೂ ಸಿಟ್ಟಿಲ್ಲ. ಒಂದು ಜನ್ಮಕ್ಕೆ ಆಗುವಷ್ಟನ್ನು ಒಂದೇ ಬೇಸಿಗೆಯಲ್ಲಿ ತಿಂದು ಮುಗಿಸಿದವಳು ನಾನು.

ಈಗ ನನ್ನನ್ನು ನೋಡಿದವರು ಮುಂದಿನ ಮಾತನ್ನು ನಂಬುವುದು ಕಷ್ಟ. ಊರವರಿಗೆಲ್ಲ ಸಕ್ಕರೆ ಬಿಡಿ ಎಂದು ಬುದ್ಧಿ ಹೇಳುತ್ತ, ತನ್ನ ಚಹಾಕ್ಕೆ ಮಾತ್ರ ಧಾರಾಳವಾಗಿ ಹಾಕಿಕೊಳ್ಳುವ ನಿವೃತ್ತ ನರ್ಸಮ್ಮ ನಾನು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಆದರೆ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಮಾನ್ವಿಯಲ್ಲಿ ಪಿಯುಸಿ ಮುಗಿಸಿ ಕೂತಾಗ, ನಾನು ಒಣಕಲು ಕಡ್ಡಿ. ಗಾಳಿ ಎದ್ದ ದಿನ ಅವ್ವ, "ಹೊರಗ ಹೋಗಬ್ಯಾಡ, ಹಾರಿ ಹೋಗಿಗೀದಿ" ಎಂದು ಚಾಷ್ಟಿ ಮಾಡುತ್ತಿದ್ದಳು.

ನರ್ಸ್ ಆಗಬೇಕೆಂಬ ಹುಚ್ಚು ಹಿಡಿಸಿದವರು ನಮ್ಮೂರ ಸರ್ಕಾರಿ ದವಾಖಾನೆಯ ಸಿಸ್ಟರ್. ಅವರು ಬಿಳಿ ಸೀರೆ ಉಟ್ಟು ಬಜಾರಿನಲ್ಲಿ ನಡೆದರೆ ಕಾಳುಕಡಿ ವ್ಯಾಪಾರದ ಅಡತಿ ಸಾಹುಕಾರರೂ ದಾರಿ ಬಿಡುತ್ತಿದ್ದರು. ಸೇವೆ, ತ್ಯಾಗ ಎಂಬ ದೊಡ್ಡ ಮಾತುಗಳೆಲ್ಲ ನನಗೆ ಆಮೇಲೆ ಬಂದವು. ಮೊದಲು ಕಣ್ಣಿಗೆ ಬಿದ್ದದ್ದು ಅವರಿಗೆ ಬಿಡುತ್ತಿದ್ದ ಆ ದಾರಿ. ಆದರೆ ರಾಯಚೂರಿನ ನರ್ಸಿಂಗ್ ಶಾಲೆಯಲ್ಲಿ ಸೀಟು ಬೆರಳೆಣಿಕೆಯಷ್ಟು, ಕೇಳುವವರು ಜಿಲ್ಲೆಯ ತುಂಬ. ಇತ್ತ ದೇವದುರ್ಗದ ಸೋದರತ್ತೆ ತನ್ನ ಮಗನಿಗೆ ನನ್ನನ್ನು ತಂದುಕೊಳ್ಳಲು ತುದಿಗಾಲಲ್ಲಿ ನಿಂತಿದ್ದಳು. ಅಪ್ಪ ಇಬ್ಬರಿಗೂ ಬೇಸರವಾಗದಂತೆ ತೀರ್ಪು ಕೊಟ್ಟ.

"ಸೀಟು ಸಿಕ್ರ ಓದು. ಸಿಗಲಿಲ್ಲಂದ್ರ ಸುಮ್ಮನ ದೇವದುರ್ಗಕ್ಕ ನಡಿ. ಆಮ್ಯಾಲ ಅಳಬಾರದು."

ಅತ್ತೆಯ ಮಗ ಕೆಟ್ಟವನೇನಲ್ಲ. ಆದರೆ ಅವನನ್ನು ನೆನೆದಾಗಲೆಲ್ಲ ನನಗೆ ಕಾಣುತ್ತಿದ್ದದ್ದು ಅವರ ಮನೆಯ ಹೊಗೆ ತುಂಬಿದ ಒಲೆ, ಅದರ ಮುಂದೆ ಕೂತ ನಾನು. ಸೀಟು ತಪ್ಪಿದರೆ ಓದು ಅಲ್ಲಿಗೆ ಮುಗಿಯಿತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಸಿಸ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು. "ಮಾರ್ಕ್ಸ್ ಏನೋ ಅದಾವ. ಆದ್ರ ಅಲ್ಲಿ ತೂಕಾನೂ ನೋಡ್ತಾರವ್ವಾ. ನಲವತ್ತೆರಡು ಕಿಲೋ ಇರಬೇಕು. ರೋಗಿನ್ನ ಎತ್ತಿ ಮಲಗಸಾಕ ಬಲ ಬೇಕಲ್ಲ?"

ನಮ್ಮ ಮನೆಯಲ್ಲಿ ತೂಕದ ಮಾತು ಬಂದರೆ ಅದು ಅಪ್ಪನ ಖಾತೆ. ಅವನು ಅಡತಿ ಅಂಗಡಿಯಲ್ಲಿ ಹಮಾಲ. ಚೀಲ ಹೊತ್ತು ಹೊತ್ತು ಕೊನೆಗೆ ಕಾಟಾದ ಮುಂದೆ ನಿಂತು ತೂಗುವ ಕೆಲಸಕ್ಕೆ ಬಂದಿದ್ದ. ಮರುದಿನವೇ ನನ್ನನ್ನು ಕರೆದೊಯ್ದು ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದ. ಒಂದು ಕಣ್ಣು ಮುಚ್ಚಿ ನೋಡಿ, ಒಳಗೊಳಗೇ ಏನೋ ಲೆಕ್ಕ ಹಾಕಿ, ಸಾಹುಕಾರನಿಗೆ ಕೇಳುವಂತೆ ಕೂಗುವ ಅದೇ ದನಿಯಲ್ಲಿ ಕೂಗಿದ. "ಮೂವತ್ತೆಂಟು!"

ಸುತ್ತ ಕೂತಿದ್ದ ಹಮಾಲರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆಗಿಂತ ಹೆಚ್ಚಾಗಿ ಅಳು ಬಂತು.

ಅಂದಿನಿಂದ ಶುರುವಾಯಿತು ನೋಡಿ ನನ್ನ ರಾಜಭೋಗ. ಪೋತ್ನಾಳದ ಸೋದರಮಾವ ಒಂದು ಚೀಲ ಶೇಂಗಾ ತಂದು ಇಳಿಸಿದ. ಬೆಳಿಗ್ಗೆ ಶೇಂಗಾ ಉಂಡಿ, ಮಧ್ಯಾಹ್ನ ರೊಟ್ಟಿಗೆ ಖಾರ ಕುಟ್ಟಿದ ಶೇಂಗಾ ಹಿಂಡಿ, ಸಂಜೆ ಬೆಲ್ಲದ ಜೊತೆ ಮತ್ತೆ ಶೇಂಗಾ. ಪಕ್ಕದ ಮನೆಯ ಖಾಲಾ ದಿನವೂ ಕುದಿಸಿದ ತತ್ತಿ ಹಿಡಿದು ಬಂದು, "ಖಾ ಲೇ ಬೇಟಾ, ಡಾಕ್ಟರಮ್ಮ ಆಗಬೇಕಲ್ಲ ನೀನು?" ಎಂದು ಎದುರಿಗೇ ಕೂತು ತಿನ್ನಿಸುತ್ತಿದ್ದಳು. ಡಾಕ್ಟರಲ್ಲ ಖಾಲಾ, ನರ್ಸು ಎಂದರೆ, "ಎಲ್ಲಾ ಒಂದೇ, ಸೂಜಿ ಚುಚ್ಚೋದಲ್ಲೇನು?" ಎನ್ನುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಊಟದ ಸರದಿಯಲ್ಲಿ ಆಯಿತು. ನಮ್ಮಲ್ಲಿ ಮೊದಲು ಅಪ್ಪ, ತಮ್ಮಂದಿರು, ಆಮೇಲೆ ನಾನು, ಎಲ್ಲರದೂ ಆದಮೇಲೆ ಅವ್ವ. ಈಗ ನಾನು ಅಪ್ಪನ ಪಕ್ಕದಲ್ಲಿ ಕೂತೆ. ಬಿಸಿ ರೊಟ್ಟಿ ಹೆಂಚಿನಿಂದ ನೇರ ನನ್ನ ತಾಟಿಗೆ! ತಣ್ಣಗಾಗಿ ಸೆಟೆದ ರೊಟ್ಟಿಯನ್ನೇ ಕಂಡಿದ್ದ ನನಗೆ ಮೆತ್ತನೆಯ ರೊಟ್ಟಿಯ ರುಚಿ ಗೊತ್ತಾದದ್ದೇ ಆಗ. ತಮ್ಮಂದಿರು ಉರಿಗಣ್ಣು ಬಿಟ್ಟರೆ ನಾನು ಇನ್ನೊಂದು ಕೇಳುತ್ತಿದ್ದೆ. ಅದೇ ದಿನಗಳಲ್ಲಿ ಅವ್ವ ರಾತ್ರಿಯೂಟ ಬಿಟ್ಟಿದ್ದಳು. ಕೇಳಿದರೆ, "ನೀರಮಾನ್ವಿ ಎಲ್ಲವ್ವಗ ಒಪ್ಪತ್ತು ಹಿಡದೀನಿ. ನಿನ್ನ ಸೀಟು ಆಗೂತನಕ" ಎಂದಳು. ನನಗಾಗಿ ದೇವಿಯೂ ದುಡಿಯುತ್ತಿದ್ದಾಳೆಂದು ನನಗೆ ಧೈರ್ಯ ಬಂತು.

ಸಂದರ್ಶನದ ಹಿಂದಿನ ದಿನ ಅಪ್ಪ ಮತ್ತೆ ತೂಗಿ, "ನಲವತ್ತೆರಡು! ಬರೋಬ್ಬರಿ!" ಎಂದು ಕೂಗಿದ. ಹಮಾಲರೆಲ್ಲ ಚಪ್ಪಾಳೆ ತಟ್ಟಿದರು. ಅಂಚಿಗೆ ಬಂದು ನಿಂತಿದ್ದೇನೆ, ಬಸ್ಸಿನಲ್ಲಿ ಬೆವರಿದರೂ ಕಷ್ಟ ಎಂದು ನಾನು ರಾಯಚೂರಿನವರೆಗೆ ಕಿಟಕಿ ಬಿಟ್ಟು ಕದಲಲಿಲ್ಲ.

ಅಲ್ಲಿ ವರಾಂಡದ ತುಂಬ ಹುಡುಗಿಯರು, ಅವರ ಅಪ್ಪಂದಿರು. ನನ್ನ ಹೆಸರು ಕರೆದರು. ಬಾಗಿಲ ಬಳಿಯೇ ತೂಕದ ಯಂತ್ರ. ದಪ್ಪ ಕನ್ನಡಕದ ಮೇಟ್ರನ್ ಬಗ್ಗಿ ನೋಡಿ, "ನಲವತ್ತಾರು" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಾಚೆಯಿಂದ ಅಪ್ಪನ ದನಿ ಬಂತು. "ಮೇಡಮ್ಮಾರ, ನಿಮ್ಮ ಕಾಟಾ ಕೆಟ್ಟದರೀ!"

ಇಡೀ ವರಾಂಡ ಅಪ್ಪನ ಕಡೆ ತಿರುಗಿತು. ಸೀಟು ಹೋಯಿತು, ದೇವದುರ್ಗದ ಒಲೆ ಹೊತ್ತಿತು ಎಂದುಕೊಂಡೆ. ಮೇಟ್ರನ್ ಕನ್ನಡಕ ಸರಿಮಾಡಿಕೊಂಡರು. "ಯಾಕ್ರೀ? ನಿಮಗ ಹೆಂಗ ಗೊತ್ತು?"

"ನಿನ್ನಿ ನಾನ ತೂಗೀನ್ರೀ. ನಲವತ್ತೆರಡ ಬಂದದ. ಇಪ್ಪತ್ತು ವರ್ಷ ಆತ್ರೀ ತೂಗಾಕತ್ತು, ಒಂದು ದಿನಾ ತಪ್ಪಿಲ್ಲ."

"ಹೆಂಗ ತೂಗಿದ್ರಿ?"

"ಹೆಂಗಂದ್ರ? ಕಾಟಾದ ಮ್ಯಾಲ ನಿಂದ್ರಿಸಿದೆ. ಮುಳ್ಳು ನೋಡಿದೆ. ಸೂಟು ತಗದೆ..." ಅಷ್ಟಕ್ಕೆ ಅಪ್ಪನ ಬಾಯಿ ನಿಂತಿತು.

ಸೂಟು ಎಂದರೆ ಬಜಾರಿನ ರೂಢಿ. ರೈತ ತಂದ ಚೀಲ ಎಷ್ಟೇ ತೂಗಲಿ, ಗೋಣಿಗಿಷ್ಟು, ಮಣ್ಣಿಗಿಷ್ಟು, ಹಸಿಗಿಷ್ಟು ಎಂದು ನಾಲ್ಕು ಕಿಲೋ ಕಳೆದೇ ಹೇಳಬೇಕು. ಕಣ್ಣು ಮುಳ್ಳು ನೋಡಿದರೆ ಬಾಯಿ ತಾನಾಗಿ ಕಳೆಯುವಷ್ಟು ಅಪ್ಪನಿಗೆ ಅದು ಅಭ್ಯಾಸ. ನನ್ನ ಅಪ್ಪ ನನ್ನಲ್ಲೂ ಗೋಣಿ, ಮಣ್ಣು, ಹಸಿ ಎಲ್ಲ ಕಳೆದಿದ್ದ! ಅಂದರೆ ಶೇಂಗಾದ ಚೀಲ ಬಿಚ್ಚುವ ಮೊದಲೇ ನಾನು ನಲವತ್ತೆರಡು ಇದ್ದೆ.

ಮೇಟ್ರನ್‌ಗೆ ವಿಷಯ ತಿಳಿದಾಗ ಅವರು ನಕ್ಕ ನಗೆಗೆ ಒಳಗೆ ಕೂತಿದ್ದ ಡಾಕ್ಟರರೂ ಎದ್ದು ಬಂದರು. ಆಮೇಲೆ ಪ್ರಶ್ನೆಗಳೇನೋ ಕೇಳಿದರು, ಉತ್ತರವೂ ಹೇಳಿದೆ. ಕೊನೆಗೆ ಡಾಕ್ಟರರು, "ರಕ್ತ ಕಂಡ್ರ ಅಂಜಿಕಿ ಏನವ್ವಾ?" ಎಂದರು. "ಇಲ್ರೀ ಸರ್, ಈಗ ಶೇಂಗಾ ಕಂಡ್ರ ಅಂಜಿಕಿ" ಎಂದುಬಿಟ್ಟೆ. ಆ ವಾರವೇ ಆಯ್ಕೆಯಾದವರ ಹೆಸರು ಗೋಡೆಗೆ ಹಚ್ಚಿದರು. ನನ್ನದಿತ್ತು. ಅಪ್ಪ ಪಕ್ಕದವರ ಕೈಲಿ ಎರಡೆರಡು ಸಲ ಓದಿಸಿ ಕೇಳಿದ. ದೇವದುರ್ಗದ ಅತ್ತೆ ಸ್ವಲ್ಪ ದಿನ ಮಾತು ಬಿಟ್ಟಳು, ಆಮೇಲೆ ಮೊಣಕಾಲು ನೋವಿಗೆ ಗುಳಿಗೆ ಕೇಳಿಕೊಂಡು ತಾನೇ ಬಂದಳು.

ಈ ಕತೆಯನ್ನು ಹಾಸ್ಟೆಲಿನಲ್ಲಿ, ವಾರ್ಡುಗಳಲ್ಲಿ, ಮದುವೆಮನೆಗಳಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಇದರ ಮುಂದೆ ಇನ್ನೊಂದಿಷ್ಟು ಇದೆ.

ಹಾಸ್ಟೆಲಿಗೆ ಹೊರಡುವ ಮೊದಲು ಒಪ್ಪತ್ತು ಬಿಡಿಸಲೆಂದು ಅವ್ವನೊಡನೆ ನೀರಮಾನ್ವಿಗೆ ಹೋದೆ. ಕಾಯಿ ಒಡೆಸಲು ನಾನು ಸರದಿಯಲ್ಲಿ ನಿಂತೆ. ತಿರುಗಿ ಬಂದಾಗ ಅವ್ವ ಎಲ್ಲವ್ವನ ಮುಂದೆ ಕೈಮುಗಿದು, ಮನೆಯ ಹಿರಿಯರೊಡನೆ ಮಾತಾಡುವಂತೆ ಮೆಲ್ಲಗೆ ಮಾತಾಡುತ್ತಿದ್ದಳು. "ಸಿಟ್ಟಾಗಬ್ಯಾಡ ನನ್ನವ್ವಾ. ಒಪ್ಪತ್ತು ಹಿಡದೀನಂತ ಮನ್ಯಾಗ ನಿನ್ನ ಹೆಸರ ಮ್ಯಾಲ ಸುಳ್ಳು ಹೇಳೀನಿ. ಹಿಟ್ಟು ಸಾಲತಿರಲಿಲ್ಲ. ನನಗ ಹಸಿವಿಲ್ಲಂತ ಅಂದ್ರ ಕೂಸು ತಾನೂ ಉಣತಿರಲಿಲ್ಲ. ಹೊಟ್ಯಾಗ ಹಾಕ್ಕೊ."

ನಾನು ಕಾಯಿ ಹಿಡಿದು ಕಂಬದ ಹಿಂದೆ ನಿಂತುಬಿಟ್ಟೆ. ಕೇಳಿಸಿತೆಂದು ಅಂದೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ನಾಲ್ಕು ಕಿಲೋ ನನಗೆ ಬೇಕಾಗಿರಲೇ ಇಲ್ಲ ಎಂಬುದು ಅಪ್ಪನ ಪಾಲಿಗೆ ನಗೆ, ನನಗೆ ಮಾತ್ರ ಅವ್ವ ಸುಮ್ಮನೆ ಬಿಟ್ಟ ಅಷ್ಟೂ ರಾತ್ರಿಯೂಟದ ಲೆಕ್ಕ.

ಅವ್ವ ಈಗ ನನ್ನ ಮನೆಯಲ್ಲಿದ್ದಾಳೆ. ಹಲ್ಲಿಲ್ಲ, ಕಿವಿ ಮಂದ, ಬಾಯಿ ಮಾತ್ರ ಚುರುಕು. ನಿನ್ನೆ ರಾತ್ರಿ ಅಡುಗೆಮನೆಗೆ ಹೋಗಿ, "ಉಂಡ್ಯಾ ಯವ್ವಾ?" ಎಂದೆ.

"ನಂದಾತು. ನೀ ಉಣ್ಣು" ಎಂದಳು.

ನಾನು ಯಾವಾಗಲೂ ಸರಿ ಎಂದು ತಾಟು ಹಾಕಿಕೊಳ್ಳುವವಳು. ನಿನ್ನೆ ಬುಟ್ಟಿಯ ಮುಚ್ಚಳ ತೆಗೆದು ನೋಡಿದೆ. ಮಾಡಿಟ್ಟ ರೊಟ್ಟಿ ಮಾಡಿಟ್ಟಂತೆಯೇ ಇದ್ದವು. ಒಂದನ್ನು ಮುರಿದು ಹಾಲಿನಲ್ಲಿ ನೆನೆಸಿ, ಅವಳೆದುರು ಕೂತು, ಮೊದಲ ತುತ್ತನ್ನು ಅವಳ ಬಾಯಿಗೆ ಹಿಡಿದೆ. "ಏನಾತ ನಿನಗ ಇವತ್ತ?" ಎಂದು ಬೈಯುತ್ತಲೇ ಅವಳು ಬಾಯಿ ತೆರೆದಳು.